ಗುರುತಿನ ಚೀಟಿ ನಾನೂ ಕೇಳಿದ್ದೆ, ಹನ್ನೆರಡು ವರ್ಷ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ತಂದೆಯೊಬ್ಬರು ಬರೆದಿದ್ದರು. ಅವರ ಮಗಳ ಫೋಟೊ ತೆಗೆದುಕೊಂಡು ಯಾರೋ ನಕಲಿ ಖಾತೆ ಮಾಡಿ ಕೆಟ್ಟದಾಗಿ ಬರೆದಿದ್ದಾರಂತೆ. ಆಧಾರ್ ಇಲ್ಲದೆ ಯಾರಿಗೂ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆ ಕೊಡಬಾರದು, ಹೆಸರು ಮುಚ್ಚಿಟ್ಟು ಬರೆಯುವವರನ್ನೆಲ್ಲ ತೆಗೆದುಹಾಕಿದರೆ ಇಂಟರ್‌ನೆಟ್ ತಾನೇ ಸರಿಯಾಗುತ್ತದೆ ಅನ್ನುವುದು ಅವರ ಮಾತು. ಅವರ ಸಂಕಟ ನನಗೆ ಗೊತ್ತು. ನನಗೂ ಮಗಳಿದ್ದಾಳೆ. ಆದರೆ ಅವರು ಹೇಳಿದ ಔಷಧಿಯನ್ನು ನಾನು ನನ್ನ ಅಂಗಡಿಯಲ್ಲಿ ಹನ್ನೆರಡು ವರ್ಷ ಅರೆದು ಕುಡಿಸಿದವನು. ಅದರಿಂದ ಏನಾಯಿತು ಅಂತ ಹೇಳಬೇಕು ಅನ್ನಿಸಿತು. ಪತ್ರ ಉದ್ದವಾದರೆ ಕತ್ತರಿಸಿಕೊಳ್ಳಿ, ಬೇಜಾರಿಲ್ಲ.

ನಾನಿರುವುದು ತುಮಕೂರು ಜಿಲ್ಲೆಯ ಕೊಬ್ಬರಿ ವ್ಯಾಪಾರದ ಒಂದು ಊರಿನಲ್ಲಿ. ಊರಿನ ಹೆಸರು ಯಾಕೆ ಬರೆದಿಲ್ಲ ಅಂತ ಕೊನೆಗೆ ಹೇಳುತ್ತೇನೆ, ಬಲ್ಲವರಿಗೆ ಹೇಗೂ ಗೊತ್ತಾಗಿರುತ್ತದೆ. 1997ರಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ಇಟ್ಟೆ. 2003ರಲ್ಲಿ ಅದೇ ಮಳಿಗೆಯಲ್ಲಿ ನಾಲ್ಕು ಕಂಪ್ಯೂಟರ್ ಹಾಕಿ ಸೈಬರ್ ಸೆಂಟರ್ ಮಾಡಿದೆ. ಗಂಟೆಗೆ ನಲವತ್ತು ರೂಪಾಯಿ. ಆಮೇಲೆ ಅದು ಇಪ್ಪತ್ತಕ್ಕೆ ಇಳಿಯಿತು, ಜಿಯೋ ಬಂದ ಮೇಲೆ ಕೇಳುವವರೇ ಇಲ್ಲ. ಈಗ ಜೆರಾಕ್ಸ್, ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಗೃಹಲಕ್ಷ್ಮಿ ಅರ್ಜಿ, ಪರೀಕ್ಷೆಯ ಹಾಲ್ ಟಿಕೆಟ್. ಹರಾಜಿನ ದಿನ ಪಾಸ್‌ಬುಕ್ ಜೆರಾಕ್ಸಿಗೆ ಬರುವ ರೈತರೇ ನನ್ನ ಹೊಟ್ಟೆಪಾಡು.

2011ರಲ್ಲಿ ಕೇಂದ್ರ ಸರ್ಕಾರ ಸೈಬರ್ ಕೆಫೆಗಳಿಗೆ ನಿಯಮ ಮಾಡಿತು. ಈಗ ಯಾರಿಗೂ ನೆನಪಿಲ್ಲ, ನನಗಿದೆ. ಬಂದವರ ಗುರುತಿನ ಚೀಟಿ ನೋಡಬೇಕು, ಜೆರಾಕ್ಸ್ ಇಟ್ಟುಕೊಳ್ಳಬೇಕು. ಹೆಸರು, ವಿಳಾಸ, ಫೋನ್ ನಂಬರ್, ಎಷ್ಟು ಗಂಟೆಗೆ ಕೂತ, ಎಷ್ಟಕ್ಕೆ ಎದ್ದ, ಎಲ್ಲ ರಿಜಿಸ್ಟರಿನಲ್ಲಿ ಬರೆಸಬೇಕು. ಅದನ್ನು ಕಡಿಮೆಯೆಂದರೂ ಒಂದು ವರ್ಷ ಕಾಪಾಡಬೇಕು. ಕ್ಯಾಬಿನ್ನಿನ ಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರದು. ಆಚಾರಿಯನ್ನು ಕರೆಸಿ ಆರಡಿಯ ಪ್ಲೈವುಡ್ಡನ್ನು ನಾಲ್ಕೂವರೆಗೆ ಕೊಯ್ಯಿಸಿದೆ. ಅವನು ಕೂಲಿ ತೆಗೆದುಕೊಂಡು, ಉಳಿದ ತುಂಡನ್ನೂ ಕೋಳಿಗೂಡಿಗೆ ಬೇಕು ಅಂತ ತೆಗೆದುಕೊಂಡು ಹೋದ.

ರಿಜಿಸ್ಟರ್ ಇಟ್ಟೆ. ಹುಡುಗರು ಏನು ಮಾಡಿದರು ಗೊತ್ತಾ? ಐದು ಜನ ಬಂದರೆ ಒಬ್ಬನ ಕಾಲೇಜು ಐಡಿ, ಉಳಿದವರು ಅವನ ಸ್ನೇಹಿತರು. ಜನ ಜಾಸ್ತಿ ಇದ್ದ ದಿನ ಒಬ್ಬ ಬಿಲ್ ಗೇಟ್ಸ್ ಅಂತ ಬರೆದು ಸಹಿ ಹಾಕಿ ಹೋಗಿದ್ದ, ನಾನು ನೋಡಿದ್ದು ಅಂಗಡಿ ಮುಚ್ಚುವಾಗ. ಆದರೆ ಹೆಣ್ಣುಮಕ್ಕಳು ಬರುವುದು ಕಡಿಮೆಯಾಯಿತು. ಅವರು ನಿಜವಾದ ಹೆಸರು ಬರೆಯುತ್ತಿದ್ದರು, ನಿಜವಾದ ನಂಬರ್ ಬರೆಯುತ್ತಿದ್ದರು. ಅವರ ಹಿಂದೆಯೇ ಬಂದ ಹುಡುಗ ರಿಜಿಸ್ಟರಿನಲ್ಲಿ ಮೇಲಿನ ಸಾಲು ಓದಿ ನಂಬರ್ ಎತ್ತಿಕೊಂಡು ಫೋನ್ ಮಾಡಲು ಶುರುಮಾಡಿದ. ಆ ಹುಡುಗಿಯ ಅಣ್ಣ ಬಂದು ನನ್ನನ್ನು ಬೈದಾಗಲೇ ನನಗೆ ವಿಷಯ ಗೊತ್ತಾಗಿದ್ದು. ಆಮೇಲೆ ಮೇಲಿನ ಸಾಲುಗಳ ಮೇಲೆ ರಟ್ಟು ಇಟ್ಟು ಬರೆಸುತ್ತಿದ್ದೆ. ಸುರಕ್ಷತೆಗಾಗಿ ಇಟ್ಟ ಪುಸ್ತಕವನ್ನು ಕಾಯುವುದೇ ನನಗೆ ಒಂದು ಕೆಲಸವಾಯಿತು.

ಆ ಪುಸ್ತಕ ಪೊಲೀಸರ ಉಪಯೋಗಕ್ಕೆ ಬಂದಿದ್ದು ಒಂದೇ ಸಲ. ಬೇರೆ ಊರಿನ ಪೊಲೀಸರು ಬಂದರು. ನನ್ನ ಅಂಗಡಿಯಿಂದ ಯಾರಿಗೋ ಬೆದರಿಕೆಯ ಇಮೇಲ್ ಹೋಗಿತ್ತು. ದಿನಾಂಕ, ಗಂಟೆ ನೋಡಿದರು, ಹೆಸರು ಸಿಕ್ಕಿತು, ಚೀಟಿಯ ಜೆರಾಕ್ಸೂ ಸಿಕ್ಕಿತು. ಆದರೆ ಆ ಚೀಟಿಯ ಹುಡುಗ ಆ ದಿನ ಊರಲ್ಲೇ ಇರಲಿಲ್ಲ, ಗೆಳೆಯನಿಗೆ ಐಡಿ ಕೊಟ್ಟು ಹಬ್ಬಕ್ಕೆ ಹೋಗಿದ್ದ. ಅದನ್ನು ಅವರು ನಂಬುವ ಹೊತ್ತಿಗೆ ಅವನು ಎರಡು ದಿನ ಠಾಣೆಯ ಬೆಂಚಿನ ಮೇಲೆ ಕೂತಾಗಿತ್ತು. ಮೇಲ್ ಕಳಿಸಿದವನು ಸಿಕ್ಕನೋ ಇಲ್ಲವೋ ನನಗೆ ಯಾರೂ ಹೇಳಲಿಲ್ಲ.

ಇದು ನಾಲ್ಕು ಕಂಪ್ಯೂಟರಿನ ಕಥೆ. ಒಂದು ದೇಶವೇ ಇದನ್ನು ಮಾಡಿ ನೋಡಿದೆ. ದಕ್ಷಿಣ ಕೊರಿಯಾದಲ್ಲಿ 2007ರಲ್ಲಿ ದೊಡ್ಡ ವೆಬ್‌ಸೈಟುಗಳಲ್ಲಿ ಬರೆಯುವವರೆಲ್ಲ ನಿಜವಾದ ಗುರುತು ಕೊಡಬೇಕು ಅಂತ ಕಡ್ಡಾಯ ಮಾಡಿದರು. ಕೆಟ್ಟ ಕಾಮೆಂಟು ನಿಲ್ಲಿಸಬೇಕು ಅನ್ನುವುದೇ ಉದ್ದೇಶ. ನಿಮಗೆ ಪತ್ರ ಬರೆದ ಆ ತಂದೆಯವರ ಮಾತೇ ಅದು. 2011ರ ಜುಲೈನಲ್ಲಿ ಅಲ್ಲಿನ ಒಂದು ದೊಡ್ಡ ಕಂಪನಿಯ ಸರ್ವರಿಗೆ ಕನ್ನ ಬಿತ್ತು. ಮೂರೂವರೆ ಕೋಟಿ ಜನರ ವಿವರ ಹೋಯಿತು. ಆ ದೇಶದ ಜನಸಂಖ್ಯೆಯೇ ಸುಮಾರು ಐದು ಕೋಟಿ. ಮರುವರ್ಷ, 2012ರ ಆಗಸ್ಟ್‌ನಲ್ಲಿ, ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಕಾಯ್ದೆಯನ್ನೇ ತೆಗೆದುಹಾಕಿತು. ನ್ಯಾಯಮೂರ್ತಿಗಳಲ್ಲಿ ಒಬ್ಬರೂ ಭಿನ್ನವಾಗಿ ಬರೆಯಲಿಲ್ಲ.

ನಮ್ಮಲ್ಲಿ ಕಳ್ಳನ ಹತ್ತಿರ ಗುರುತಿನ ಚೀಟಿ ಇರುವುದಿಲ್ಲ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇರುತ್ತದೆ, ಆದರೆ ಅವನದ್ದಲ್ಲ, ನಿಮ್ಮದು. ನನ್ನ ಅಂಗಡಿಗೆ ಬಂದವರಿಗೆ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಅವರ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಿಕೊಡುತ್ತೇನೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಒಬ್ಬ ಅಜ್ಜಿಯ ಹೆಸರಲ್ಲಿ ಏಳು ಸಿಮ್ ಇದ್ದವು. ಆಕೆಗೆ ಇರುವುದು ಒಂದು ಬಟನ್ ಫೋನು. ಹೇಗಾಯ್ತಜ್ಜಿ ಅಂತ ಕೇಳಿದರೆ, ಬಸ್ ಸ್ಟ್ಯಾಂಡ್ ಹತ್ತಿರ ಕೊಡೆ ಹಾಕಿಕೊಂಡು ಸಿಮ್ ಮಾರುತ್ತಿದ್ದ ಹುಡುಗ "ಬೆರಳು ಬರ್ತಿಲ್ಲ, ಇನ್ನೊಂದ್ಸಲ ಒತ್ತಜ್ಜಿ, ಇನ್ನೊಂದ್ಸಲ" ಅಂದನಂತೆ. ಅಜ್ಜಿ ಒತ್ತಿದ್ದಾರೆ. ಪ್ರತಿ ಒತ್ತಿಗೂ ಒಂದು ಸಿಮ್. ಅವು ಈಗ ಯಾವ ರಾಜ್ಯದಲ್ಲಿ ಯಾರ ಕೈಯಲ್ಲಿವೆಯೋ. ಆಧಾರ್ ಪಕ್ಕಾ, ಬೆರಳು ಪಕ್ಕಾ, ಎಲ್ಲಾ ಕಾನೂನು ಪ್ರಕಾರವೇ.

ಬ್ಯಾಂಕ್ ಖಾತೆಯೂ ಹಾಗೆಯೇ. ನಮ್ಮ ಕಡೆ ಕಾಲೇಜು ಹುಡುಗರಿಗೆ ಐದು ಸಾವಿರ, ಹತ್ತು ಸಾವಿರ ಕೊಟ್ಟು ಖಾತೆ ತೆಗೆಸುತ್ತಾರೆ. ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಮೂರನ್ನೂ ಕೊಟ್ಟುಬಿಟ್ಟರೆ ಮುಗಿಯಿತು. ವಂಚನೆಯ ಹಣ ಅದರ ಮೂಲಕ ಹೋಗುತ್ತದೆ, ಇದಕ್ಕೆ ಬಾಡಿಗೆ ಖಾತೆ ಅಂತಲೇ ಹೆಸರು. ಅದಕ್ಕೆ ಕೆವೈಸಿ (ಗುರುತಿನ ಪರಿಶೀಲನೆ) ಆಗಿರುತ್ತದೆ, ಫೋಟೊ ಇರುತ್ತದೆ, ಪಾನ್ ಇರುತ್ತದೆ. ಪೊಲೀಸರು ಬಂದಾಗ ಆ ಹುಡುಗನ ಅಪ್ಪ ಅಮ್ಮ ಅಳುತ್ತಾ ನಿಂತಿರುತ್ತಾರೆ. 2023ರಲ್ಲಿ ಬೆಂಗಳೂರು, ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದವರ ಹೆಬ್ಬೆಟ್ಟಿನ ಗುರುತು ಎತ್ತಿಕೊಂಡು, ಒಟಿಪಿಯೂ ಇಲ್ಲದೆ, ಆಧಾರ್ ಮೂಲಕ ಖಾತೆಯಿಂದ ಹಣ ತೆಗೆದ ಸುದ್ದಿ ಎಲ್ಲ ಪತ್ರಿಕೆಯಲ್ಲೂ ಬಂದಿತ್ತು. ಅದಾದ ಮೇಲೆ ನಮ್ಮ ಅಂಗಡಿಗೆ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಸಲು ಜನ ಬಂದರು ನೋಡಿ, ಒಂದು ವಾರ ಊಟಕ್ಕೆ ಹೋಗಲು ಬಿಡುವಿರಲಿಲ್ಲ.

ಇನ್ನೊಂದು ಪ್ರಸಂಗ ಹೇಳಬೇಕು. ನನಗೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಮೇಷ್ಟ್ರು, ಎಪ್ಪತ್ತು ದಾಟಿದೆ. ಒಂದು ದಿನ ಬೆಳಿಗ್ಗೆ ಅಂಗಡಿಗೆ ಬಂದರು. ಅಂಗಿಯ ಮೇಲಿನ ಜೇಬಿನಲ್ಲಿ ಫೋನು, ಕ್ಯಾಮೆರಾ ಹೊರಗೆ ಕಾಣುವ ಹಾಗೆ. ನಾನು "ಬನ್ನಿ ಮೇಷ್ಟ್ರೇ" ಅಂದರೆ ತುಟಿ ಮೇಲೆ ಬೆರಳಿಟ್ಟು ಸುಮ್ಮನಿರು ಅಂದರು. ಚೀಟಿ ಕೊಟ್ಟರು. ಅದರಲ್ಲಿ ಒಂದು ಇಮೇಲ್ ಐಡಿ, ಪಾಸ್‌ವರ್ಡು, ಕೆಳಗೆ 'ಪ್ರಿಂಟ್ ಬೇಕು' ಅಂತ. ತೆರೆದೆ. ಸುಪ್ರೀಂ ಕೋರ್ಟಿನ ಲಾಂಛನ, ಸಿಬಿಐ ಮುದ್ರೆ, ಮೇಷ್ಟ್ರ ಹೆಸರು, ಆಧಾರ್ ನಂಬರು. ಮೇಲೆ ದಪ್ಪ ಅಕ್ಷರದಲ್ಲಿ ಡಿಜಿಟಲ್ ಅರೆಸ್ಟ್. ಇಂಗ್ಲಿಷಿನಲ್ಲಿ ಅರೆಸ್ಟ್‌ಗೆ ಒಂದೇ ಆರ್ ಇತ್ತು. ಇದೇ ಮೇಷ್ಟ್ರು ನನಗೆ ಕಾಗುಣಿತಕ್ಕೆ ಕಿವಿ ಹಿಂಡಿದವರು, ಆದರೆ ಭಯದಲ್ಲಿ ಅವರಿಗೆ ಅದೇ ಕಾಣಲಿಲ್ಲ.

ಅವರ ಜೇಬಿಗೆ ಕೈಹಾಕಿ ಫೋನ್ ತೆಗೆದು ಸ್ವಿಚ್ ಆಫ್ ಮಾಡಿದೆ. ಮೇಷ್ಟ್ರು ನನ್ನ ಮೇಲೇ ಕೂಗಾಡಿದರು. "ಏನೋ ಮಾಡ್ದೆ ನೀನು, ಬೇಲ್ ಕ್ಯಾನ್ಸಲ್ ಆಗುತ್ತೆ ಕಣೋ" ಅಂತ. ಅಧಿಕಾರಿಯ ಸೋಗು ಹಾಕಿದ ವಂಚಕನ ವಿಡಿಯೊ ಕಾಲ್ ಅದು, ಹದಿನಾರು ಗಂಟೆ ನಡೆದಿತ್ತಂತೆ. ರಾತ್ರಿ ಮಲಗುವಾಗಲೂ ಕ್ಯಾಮೆರಾ ಆನ್. ಎಫ್‌ಡಿ ಮುರಿಸಲು ಬ್ಯಾಂಕಿಗೆ ಹೊರಟವರು ದಾರಿಯಲ್ಲಿ ಪ್ರಿಂಟ್ ತೆಗೆಸಲು ನಿಂತಿದ್ದರಿಂದ ಉಳಿದರು. ನೀರು ಕುಡಿಸಿ ಕೂರಿಸಿದ ಮೇಲೆ ಕೇಳಿದೆ, ಯಾಕೆ ನಂಬಿದಿರಿ ಮೇಷ್ಟ್ರೇ ಅಂತ. ಅವರು ಹೇಳಿದ್ದು ಇದು: "ಅವ್ನು ಐಡಿ ಕಾರ್ಡ್ ತೋರಿಸ್ದ ಕಣೋ. ಹೆಸರು ಹೇಳ್ದ, ಬ್ಯಾಡ್ಜ್ ನಂಬರ್ ಹೇಳ್ದ, ಬರ್ಕೊಳ್ಳಿ ಅಂದ." ನಮ್ಮ ದೇಶದ ಯಾವ ಕಾನೂನಿನಲ್ಲೂ ವಿಡಿಯೊ ಕಾಲ್ ಮೇಲೆ ಬಂಧಿಸುವುದು ಅನ್ನುವುದಿಲ್ಲ, ಇದನ್ನು ಪ್ರಧಾನಿಯವರೇ 2024ರ ಅಕ್ಟೋಬರಿನ ಮನ್ ಕಿ ಬಾತ್‌ನಲ್ಲಿ ಹೇಳಿದ್ದರು. 2025ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇಂಥ ಪ್ರಕರಣಗಳನ್ನು ಸಿಬಿಐ ತನಿಖೆ ಮಾಡಲಿ ಅಂತ ಆದೇಶಿಸಿತು. ಸೈಬರ್ ವಂಚನೆಯಲ್ಲಿ ಜನ ಕಳೆದುಕೊಂಡ ಹಣ 2023ರಲ್ಲಿ 7,465 ಕೋಟಿ ರೂಪಾಯಿ ಇದ್ದದ್ದು 2024ರಲ್ಲಿ 22,845 ಕೋಟಿ ಆಯಿತು ಅಂತ ಸರ್ಕಾರವೇ ಸಂಸತ್ತಿಗೆ ಲೆಕ್ಕ ಕೊಟ್ಟಿದೆ. ಈ ಹಣವೆಲ್ಲ ಹೋಗಿದ್ದು ಕೆವೈಸಿ ಆಗಿರುವ ಖಾತೆಗಳಿಂದ ಕೆವೈಸಿ ಆಗಿರುವ ಖಾತೆಗಳಿಗೇ ಅಲ್ವಾ?

ಈಗ ನನ್ನ ಗೋಳು. ಒಂದು ಸೋಮವಾರ ಬೆಳಿಗ್ಗೆ ಪೇಪರ್ ರೀಮಿನ ದುಡ್ಡು ಕಳಿಸಲು ಹೋದರೆ ಯುಪಿಐ ಆಗಲಿಲ್ಲ. ನೆಟ್‌ವರ್ಕ್ ಇರಬೇಕು ಅಂದುಕೊಂಡೆ. ಮಧ್ಯಾಹ್ನ ಬ್ಯಾಂಕಿಗೆ ಹೋದರೆ ಖಾತೆ ಫ್ರೀಜ್ ಆಗಿದೆ ಅಂದರು. ಯಾರು ಮಾಡಿದ್ದು? ಉತ್ತರದ ಒಂದು ರಾಜ್ಯದ ಸೈಬರ್ ಪೊಲೀಸರು. ಯಾಕೆ? ಎರಡು ತಿಂಗಳ ಹಿಂದೆ ಯಾರೋ ನನ್ನ ಕ್ಯೂಆರ್‌ಗೆ ಹಾಕಿದ 350 ರೂಪಾಯಿ ವಂಚನೆಯ ಹಣದ ಸರಪಳಿಯಲ್ಲಿ ಬಂದಿದೆಯಂತೆ. ದಿನಕ್ಕೆ ನೂರೈವತ್ತು ಜನ ನನಗೆ ಸ್ಕ್ಯಾನ್ ಮಾಡುತ್ತಾರೆ. ಅದರಲ್ಲಿ ಒಬ್ಬ ಲ್ಯಾಮಿನೇಷನ್ ಮಾಡಿಸಿರಬೇಕು, ಅಥವಾ ಪಾಸ್‌ಪೋರ್ಟ್ ಫೋಟೊ. ಅವನ ಜಾತಕ ಕೇಳಿ ಲ್ಯಾಮಿನೇಷನ್ ಮಾಡಬೇಕಿತ್ತಾ ನಾನು?

350 ರೂಪಾಯಿ ಹಿಡಿದಿದ್ದರೆ ಸುಮ್ಮನಿರುತ್ತಿದ್ದೆ. ಹಿಡಿದದ್ದು ಪೂರ್ತಿ ಖಾತೆ. ಮಳಿಗೆ ಬಾಡಿಗೆ ಅದರಲ್ಲಿತ್ತು, ಮಗಳ ಹಾಸ್ಟೆಲ್ ಫೀಸು ಅದರಲ್ಲಿತ್ತು. ಬ್ಯಾಂಕಿನವರು ಒಂದು ಇಮೇಲ್ ಐಡಿ, ಒಂದು ದೂರಿನ ನಂಬರು ಬರೆದುಕೊಟ್ಟು ನೀವೇ ಮಾತಾಡಿಕೊಳ್ಳಿ ಅಂದರು. ಹನ್ನೊಂದು ಮೇಲ್ ಕಳಿಸಿದೆ. ಫೋನ್ ಮಾಡಿದರೆ ಹಿಂದಿಯಲ್ಲಿ ಇಲ್ಲಿಗೇ ಬನ್ನಿ ಅನ್ನುತ್ತಾರೆ. ಅಲ್ಲಿಗೆ ಹೋಗಿ ಬರುವ ರೈಲಿನ ಚಾರ್ಜು ಎಷ್ಟಾಗುತ್ತದೆ ಅಂತ ನನ್ನ ಅಂಗಡಿಯಲ್ಲೇ ಕೂತು ನೋಡಿದೆ, ಟಿಕೆಟ್ ಬುಕ್ ಮಾಡುವುದೂ ನನ್ನ ಕಸುಬೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಆ ಎಮ್ಮೆ ನಾನು. ಕೇರಳ ಹೈಕೋರ್ಟ್ 2023ರಲ್ಲೇ ಇಂಥ ಖಾತೆದಾರರ ಅರ್ಜಿಗಳಲ್ಲಿ, ಅನುಮಾನದ ಮೊತ್ತವನ್ನಷ್ಟೇ ತಡೆಹಿಡಿಯಿರಿ, ಇಡೀ ಖಾತೆಯನ್ನಲ್ಲ ಅಂತ ಹೇಳಿತ್ತು. ಅದನ್ನು ಪ್ರಿಂಟ್ ತೆಗೆದುಕೊಂಡು ಹೋಗಿ ತೋರಿಸಿದೆ. ಅದು ಕೇರಳದ್ದು ಅಂದರು. ನಲವತ್ತೇಳು ದಿನದ ಮೇಲೆ ಖಾತೆ ಬಿಟ್ಟರು. ಯಾಕೆ ಬಿಟ್ಟರು ಅಂತಲೂ ಹೇಳಲಿಲ್ಲ. 350 ಮಾತ್ರ ಇನ್ನೂ ಹಿಡಿದುಕೊಂಡಿದ್ದಾರೆ.

ತಂದೆಯವರು ಗಮನಿಸಬೇಕಾದ್ದು ಇಲ್ಲಿದೆ. ನನ್ನ ಗುರುತು ಪೂರ್ತಿ ಸ್ಪಷ್ಟವಾಗಿತ್ತು. ಆಧಾರ್, ಪಾನ್, ಅಂಗಡಿಯ ಲೈಸೆನ್ಸು, ಇಪ್ಪತ್ತು ವರ್ಷದಿಂದ ಒಂದೇ ವಿಳಾಸ. ಆದ್ದರಿಂದಲೇ ನಾನು ಅಷ್ಟು ಸುಲಭವಾಗಿ ಸಿಕ್ಕಿದ್ದು. ಸರಪಳಿಯ ಆ ಕೊನೆಯಲ್ಲಿ ಇರುವವನು ಯಾರದೋ ಅಜ್ಜಿಯ ಸಿಮ್ಮಿನಲ್ಲಿ ಮಾತಾಡುತ್ತಿದ್ದಾನೆ.

ಇದನ್ನೇ ಬರವಣಿಗೆಗೂ ಹಚ್ಚಿ ನೋಡಿ. 2024ರಿಂದ ಕೇಂದ್ರ ಗೃಹ ಇಲಾಖೆಯ ಸಹಯೋಗ್ ಅನ್ನುವ ಪೋರ್ಟಲ್ ಇದೆ. ಬೇರೆ ಬೇರೆ ಇಲಾಖೆಯ, ರಾಜ್ಯದ ಅಧಿಕಾರಿಗಳು ಅದರ ಮೂಲಕ ಸೋಷಿಯಲ್ ಮೀಡಿಯಾ ಕಂಪನಿಗಳಿಗೆ ಈ ಪೋಸ್ಟ್ ತೆಗೆಯಿರಿ ಅಂತ ನೋಟಿಸ್ ಕಳಿಸುತ್ತಾರೆ. ಎಕ್ಸ್ (ಮೊದಲಿನ ಟ್ವಿಟರ್) ಕಂಪನಿ ಇದನ್ನು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ಪ್ರಶ್ನಿಸಿತ್ತು. ವಿಚಾರಣೆಯ ಸಮಯದಲ್ಲಿ ಕೇಂದ್ರದ ಸಾಲಿಸಿಟರ್ ಜನರಲ್ ಒಂದು ಸ್ವಾರಸ್ಯ ಮಾಡಿದರು. 'ಸುಪ್ರೀಂ ಕೋರ್ಟ್ ಆಫ್ ಕರ್ನಾಟಕ' ಅಂತ ಇಲ್ಲದ ಕೋರ್ಟಿನ ಹೆಸರಲ್ಲಿ ಖಾತೆ ತೆರೆದು ತೋರಿಸಿದರು, ಎಷ್ಟು ಸುಲಭ ನೋಡಿ ಅಂತ. ಒಪ್ಪಬೇಕಾದ ಮಾತೇ. 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಕಂಪನಿಯ ಅರ್ಜಿ ವಜಾ ಮಾಡಿದರು. ಅದಕ್ಕೂ ಮೊದಲು, 2023ರಲ್ಲಿ, ಆಗಿನ ಟ್ವಿಟರ್ ಇದೇ ಹೈಕೋರ್ಟಿನಲ್ಲಿ ಸೋತು 50 ಲಕ್ಷ ದಂಡ ಹಾಕಿಸಿಕೊಂಡಿತ್ತು.

ಆ ಕಂಪನಿ ಸೋತಿದ್ದಕ್ಕೆ ನನಗೇನೂ ದುಃಖವಿಲ್ಲ. ಅದರ ಮಾಲೀಕ ಜಗತ್ತಿನ ಅತಿ ದೊಡ್ಡ ಶ್ರೀಮಂತರಲ್ಲಿ ಒಬ್ಬ, ಅವನ ವಕೀಲರ ಫೀಸಿನಲ್ಲಿ ನಮ್ಮ ಊರಿನ ಒಳಚರಂಡಿ ಕೆಲಸ ಮುಗಿಯುತ್ತಿತ್ತು. ನನ್ನ ಚಿಂತೆ ಪೋಸ್ಟ್ ಬರೆದವನದ್ದು. ಪೋಸ್ಟ್ ಹೋಗುತ್ತದೆ, ಯಾರು ತೆಗೆಸಿದರು, ಯಾವ ಸಾಲು ತಪ್ಪು ಅಂತ ಅವನಿಗೆ ಗೊತ್ತೇ ಆಗದೆ ಹೋಗಬಹುದು. ನನ್ನ ಖಾತೆಗೆ ಆದ ಹಾಗೆಯೇ. 2025ರ ನವೆಂಬರಿನಿಂದ ಇಂಥ ಆದೇಶವನ್ನು ಹಿರಿಯ ಅಧಿಕಾರಿಗಳೇ ಕೊಡಬೇಕು, ಕಾರಣ ಬರೆಯಬೇಕು ಅಂತ ನಿಯಮ ತಿದ್ದಿದ್ದಾರೆ. ಒಳ್ಳೆಯದು. ಆ ಕಾರಣ ಬರೆದವನ ಕೈಗೂ ಸಿಗಲಿ ಅಂತ ನಾನು ಕೇಳುತ್ತಿರುವುದು.

ನಿಜವಾದ ಹೆಸರಿಟ್ಟು ಬರೆದರೆ ಭಯವಿಲ್ಲ ಅನ್ನುವವರೂ ಇದ್ದಾರೆ. 2012ರಲ್ಲಿ ಮುಂಬೈ ಪಕ್ಕದ ಪಾಲ್ಘರ್‌ನಲ್ಲಿ ಒಬ್ಬ ಹುಡುಗಿ ಒಬ್ಬ ನಾಯಕರು ತೀರಿಕೊಂಡದ್ದಕ್ಕೆ ಊರೇ ಬಂದ್ ಮಾಡಬೇಕಾ ಅಂತ ಫೇಸ್‌ಬುಕ್‌ನಲ್ಲಿ ಕೇಳಿದಳು. ಇನ್ನೊಬ್ಬಳು ಲೈಕ್ ಒತ್ತಿದಳು. ಇಬ್ಬರನ್ನೂ ಬಂಧಿಸಿದರು. ಇಬ್ಬರೂ ಸ್ವಂತ ಹೆಸರಿನಲ್ಲೇ ಇದ್ದವರು. ಇಂಥ ಬಂಧನಗಳಿಗೆ ದಾರಿ ಮಾಡಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ರದ್ದಾದ ಮೇಲೂ ಠಾಣೆಗಳಲ್ಲಿ ಅದೇ ಸೆಕ್ಷನ್ ಹಾಕಿ ಕೇಸು ಬರೆಯುತ್ತಲೇ ಇದ್ದರು. 2022ರಲ್ಲಿ ಕೋರ್ಟ್ ಮತ್ತೊಮ್ಮೆ ಬೇಡ ಅಂತ ಹೇಳಬೇಕಾಯಿತು. ನಮ್ಮ ರಾಜ್ಯದಲ್ಲೂ 2025ರಲ್ಲಿ ಸುಳ್ಳು ಸುದ್ದಿಗೆ ಏಳು ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಅಂತ ಒಂದು ಕರಡು ಹೊರಗೆ ಬಂದಿತ್ತು. ಯಾವುದು ಸುಳ್ಳು ಅಂತ ತೀರ್ಮಾನಿಸುವ ಪ್ರಾಧಿಕಾರದ ತಲೆಯಲ್ಲಿ ಮಂತ್ರಿ. ಯಾವ ಪಕ್ಷದ ಸರ್ಕಾರ ಅನ್ನುವುದು ಇಲ್ಲಿ ಮುಖ್ಯ ಅಲ್ಲ, ಈ ಒಂದು ವಿಷಯದಲ್ಲಿ ಎಲ್ಲರಿಗೂ ಒಂದೇ ಆಸೆ.

ಸುಳ್ಳು ಸುದ್ದಿಯಿಂದ ಜೀವ ಹೋಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೋಯಿತು. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಾಪಿನಲ್ಲಿ ಹಬ್ಬಿತು, ಮುಂದಿನ ಊರಿನವರು ಅಡ್ಡ ಹಾಕಿ ಹೊಡೆದರು, ಒಬ್ಬ ಸತ್ತ. ಆ ತಿಂಗಳು ನನ್ನ ಫೋನಿಗೂ ಅಂಥದ್ದೇ ಒಂದು ಬಂದಿತ್ತು, ಬಂದದ್ದು ನಮ್ಮ ಭಾವಮೈದುನನಿಂದ. ಫಾರ್ವರ್ಡ್ ಮಾಡಿದವರು ಯಾರೂ ಮುಖ ಮುಚ್ಚಿಕೊಂಡಿರಲಿಲ್ಲ. ಸ್ವಂತ ನಂಬರು, ಸ್ವಂತ ಡಿಪಿ, ಹೆಂಡತಿ ಮಕ್ಕಳ ಜೊತೆ ಧರ್ಮಸ್ಥಳದಲ್ಲಿ ತೆಗೆಸಿದ್ದು. ಆಗ ಏನು ಮಾಡಿದ್ದರಿಂದ ಪ್ರಯೋಜನವಾಯಿತು? ಅದೇ ತಿಂಗಳು ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಅಂತ ವಾಟ್ಸಾಪ್ ಮಿತಿ ಹಾಕಿತು. 2020ರಲ್ಲಿ ತುಂಬಾ ಸಲ ಫಾರ್ವರ್ಡ್ ಆದದ್ದನ್ನು ಒಂದೇ ಚಾಟ್‌ಗೆ ಇಳಿಸಿತು, ಅಂಥ ಮೆಸೇಜುಗಳು ನೂರಕ್ಕೆ ಎಪ್ಪತ್ತರಷ್ಟು ಇಳಿದವು ಅಂತ ಕಂಪನಿಯೇ ಹೇಳಿಕೊಂಡಿತು. ಯಾರ ಆಧಾರೂ ಕೇಳಲಿಲ್ಲ. ಬಾವಿಯ ಗಡಗಡೆ ಸ್ವಲ್ಪ ಬಿಗಿ ಮಾಡಿದ ಹಾಗೆ, ಅಷ್ಟೇ.

ಅದರ ಬದಲು ಈಗ ಬರುತ್ತಿರುವ ಆದೇಶ ನೋಡಿ. 2025ರ ನವೆಂಬರ್ 28ರಂದು ದೂರಸಂಪರ್ಕ ಇಲಾಖೆ ಎರಡು ಹೊರಡಿಸಿತು. ಒಂದು, ಹೊಸ ಫೋನುಗಳಲ್ಲೆಲ್ಲ ಸಂಚಾರ್ ಸಾಥಿ ಆಪ್ ಮೊದಲೇ ಇರಬೇಕು ಅಂತ. ಗಲಾಟೆಯಾಗಿ ಡಿಸೆಂಬರ್ 3ಕ್ಕೆ ವಾಪಸ್ ತೆಗೆದುಕೊಂಡರು. ನೋಡಿ, ಅದೇ ಹೆಸರಿನ ವೆಬ್‌ಸೈಟನ್ನು ನಾನೇ ಜನಕ್ಕೆ ತೋರಿಸುತ್ತೇನೆ, ಒಳ್ಳೆಯ ಕೆಲಸ ಮಾಡುತ್ತದೆ. ಬೇಕಾದವರು ಹೋಗಿ ನೋಡುವುದಕ್ಕೂ ಕೇಳದೆ ಜೇಬಿನೊಳಗೆ ತುರುಕುವುದಕ್ಕೂ ವ್ಯತ್ಯಾಸವಿಲ್ಲವೇ? ಇನ್ನೊಂದು, ವಾಟ್ಸಾಪ್‌ನಂಥ ಆಪ್‌ಗಳು ಫೋನಿನಲ್ಲಿರುವ ಸಿಮ್ಮಿಗೇ ಕಟ್ಟಿಕೊಂಡಿರಬೇಕು, ಕಂಪ್ಯೂಟರಿನಲ್ಲಿ ತೆರೆದ ವಾಟ್ಸಾಪ್ ಆರು ಗಂಟೆಗೊಮ್ಮೆ ಲಾಗೌಟ್ ಆಗಬೇಕು. ಜೆರಾಕ್ಸ್ ಅಂಗಡಿಯವರನ್ನು ಕೇಳಿ. ನಮ್ಮ ಇಡೀ ವ್ಯಾಪಾರ ನಡೆಯುವುದು ಆ ಕಂಪ್ಯೂಟರ್ ವಾಟ್ಸಾಪಿನಲ್ಲಿ. ಜನ ಪಿಡಿಎಫ್ ಕಳಿಸುತ್ತಾರೆ, ನಾವು ಪ್ರಿಂಟ್ ಹೊಡೆಯುತ್ತೇವೆ.

ಮಕ್ಕಳ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ ಹದಿನಾರು ತುಂಬದವರಿಗೆ ಸೋಷಿಯಲ್ ಮೀಡಿಯಾ ಖಾತೆ ಇಲ್ಲ. ಇಲ್ಲಿಯೂ ಹಾಗೇ ಮಾಡಿ ಅನ್ನುವ ಕೂಗಿದೆ. ಹದಿನಾರು ಆಗಿಲ್ಲದವನನ್ನು ಹಿಡಿಯಬೇಕಾದರೆ ಅರವತ್ತು ಆದವನದ್ದೂ ವಯಸ್ಸು ನೋಡಬೇಕಲ್ಲ. ಆ ದೇಶದವರು ಒಂದು ಎಚ್ಚರ ಇಟ್ಟುಕೊಂಡಿದ್ದಾರೆ, ಸರ್ಕಾರಿ ಗುರುತಿನ ಚೀಟಿಯೊಂದನ್ನೇ ಕಂಪನಿಗಳು ಕಡ್ಡಾಯವಾಗಿ ಕೇಳುವಂತಿಲ್ಲ ಅಂತ ಕಾಯ್ದೆಯಲ್ಲೇ ಬರೆದಿದ್ದಾರೆ. ನಮ್ಮಲ್ಲಿ ತರುವವರು ಆ ಸಾಲನ್ನೂ ತರುತ್ತಾರಾ, ಅದೇ ನನ್ನ ಅನುಮಾನ.

ಇನ್ನು ಆ ತಂದೆಗೆ. ಸ್ವಾಮಿ, ನಿಮ್ಮ ಮಗಳಿಗೆ ಆದದ್ದೇ ನಮ್ಮ ಊರಿನ ಒಬ್ಬ ಹುಡುಗಿಗೂ ಆಗಿತ್ತು. ಚಿಕ್ಕಮ್ಮನ ಜೊತೆ ಅಂಗಡಿ ಮುಚ್ಚುವ ಹೊತ್ತಿಗೆ ಬಂದಳು. ಠಾಣೆಗೆ ಹೋಗೋಣ ಅಂದರೆ ಬೇಡವೇ ಬೇಡ ಅಂದಳು, ಅಲ್ಲಿನ ಒಬ್ಬರ ಮನೆ ಇವರ ಬೀದಿಯಲ್ಲೇ ಇದೆ. ಹೆಸರು ಹೊರಗೆ ಬಂದರೆ ಕಾಲೇಜು ಬಿಡಿಸುತ್ತಾರೆ ಅನ್ನುವುದು ಅವಳ ಭಯ. ಅವಳಿಗೆ ಹೆಸರು ಹೇಳದೆ ಇರುವುದೇ ರಕ್ಷಣೆಯಾಗಿತ್ತು. ಕೇಂದ್ರದ ಸೈಬರ್ ಅಪರಾಧ ಪೋರ್ಟಲ್ಲಿನಲ್ಲೇ ಇಂಥ ಕೆಲವು ದೂರುಗಳನ್ನು ಹೆಸರು ಹೇಳದೆ ಕೊಡುವ ಅವಕಾಶ ಇಟ್ಟಿದ್ದಾರೆ, ಯಾಕೆ ಇಟ್ಟಿರಬಹುದು ಯೋಚಿಸಿ. ನಾವು ಮಾಡಿದ್ದು ಇಷ್ಟು. ಮೊದಲು ಆ ಖಾತೆಯ ಲಿಂಕು, ಸ್ಕ್ರೀನ್‌ಶಾಟು, ದಿನಾಂಕ ತೆಗೆದಿಟ್ಟುಕೊಂಡೆವು, ಖಾತೆ ಅಳಿದುಹೋದರೆ ಸಾಕ್ಷಿಯೂ ಹೋಗುತ್ತದೆ. ಆಮೇಲೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು. ಬೆತ್ತಲೆ ಚಿತ್ರ, ಅಥವಾ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ನಟಿಸುವುದು, ಫೋಟೊ ತಿದ್ದುವುದು ಇವುಗಳ ಬಗ್ಗೆ ತೊಂದರೆಗೊಳಗಾದವರು ದೂರು ಕೊಟ್ಟರೆ 24 ಗಂಟೆಯೊಳಗೆ ಕ್ರಮ ತೆಗೆದುಕೊಳ್ಳಬೇಕು ಅಂತ 2021ರ ಐಟಿ ನಿಯಮದಲ್ಲೇ ಇತ್ತು, 2026ರ ಫೆಬ್ರವರಿಯಿಂದ ಅದನ್ನು ಎರಡು ಗಂಟೆಗೆ ಇಳಿಸಿದ್ದಾರೆ. ಖಾಸಗಿ ಚಿತ್ರ ಹರಡುವ ಭಯ ಇದ್ದರೆ ಸ್ಟಾಪ್‌ಎನ್‌ಸಿಐಐ ಅನ್ನುವ ವೆಬ್‌ಸೈಟ್ ಇದೆ, ಚಿತ್ರ ನಿಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ, ಅದರ ಗುರುತಿನ ಸಂಖ್ಯೆ ಮಾತ್ರ ಕಂಪನಿಗಳಿಗೆ ಹೋಗಿ ಅಲ್ಲಿ ತಡೆಯಾಗುತ್ತದೆ. ಖಾತೆ ಮಾರನೇ ದಿನ ಸಂಜೆ ಹೋಯಿತು. ಮಾಡಿದವನು ಯಾರು ಅಂತ ಕಂಡುಹಿಡಿಯಲು ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಠಾಣೆಗೆ ಚಿಕ್ಕಮ್ಮನೇ ದೂರು ಕೊಟ್ಟರು. ಪೊಲೀಸರು ಕಂಪನಿಯಿಂದ ಐಪಿ ವಿವರ, ಅಂದರೆ ಯಾವ ಇಂಟರ್‌ನೆಟ್ ಸಂಪರ್ಕದಿಂದ ಖಾತೆ ನಡೆಸಿದ್ದು ಅನ್ನುವುದನ್ನು, ತರಿಸಿಕೊಂಡರು. ಆಧಾರ್ ಬೇಕಾಗಲಿಲ್ಲ. ಸಿಕ್ಕವನು ಅವಳ ತರಗತಿಯವನೇ.

ಇದನ್ನೆಲ್ಲ ಆ ಹುಡುಗಿಗೆ ಹೇಳಲು ಒಬ್ಬ ಜೆರಾಕ್ಸ್ ಅಂಗಡಿಯವನು ಬೇಕಾಯಿತು ಅನ್ನುವುದೇ ನನ್ನ ಸಿಟ್ಟು. ಪ್ರತಿ ತಾಲ್ಲೂಕಿನಲ್ಲಿ ಕನ್ನಡದಲ್ಲಿ ಮಾತಾಡುವ, ತಲೆ ತಗ್ಗಿಸದೆ ಹೋಗಿ ಕೇಳಬಹುದಾದ ಒಬ್ಬರನ್ನು ಕೂರಿಸಿ, ಸಾಧ್ಯವಾದರೆ ಒಬ್ಬ ಹೆಣ್ಣುಮಗಳನ್ನು. ದುಡ್ಡು ಹೋದ ಮೊದಲ ಒಂದೆರಡು ಗಂಟೆಯಲ್ಲಿ 1930ಕ್ಕೆ ಫೋನ್ ಮಾಡಿದರೆ ಹಣ ಉಳಿಯುವ ಸಾಧ್ಯತೆ ಜಾಸ್ತಿ, ಅದನ್ನು ಪಡಿತರ ಅಂಗಡಿಯ ಗೋಡೆಯ ಮೇಲೆ ಬರೆಸಿ. ನಿಮ್ಮ ಹೆಸರಲ್ಲಿ ಇಷ್ಟು ಸಿಮ್ ಇವೆ ಅಂತ ಮೂರು ತಿಂಗಳಿಗೊಮ್ಮೆ ಕನ್ನಡದಲ್ಲಿ ಒಂದು ಎಸ್‌ಎಂಎಸ್ ಬರಲಿ. ಖಾತೆ ಹಿಡಿಯುವ ಮೊದಲು, ಇಲ್ಲವೇ ಹಿಡಿದ ದಿನವೇ, ಖಾತೆದಾರನಿಗೆ ಕಾಗದ ಬರಲಿ.

ಹಳೆಯ ರಿಜಿಸ್ಟರುಗಳು ಏನಾದವು ಅಂತ ಹೇಳಿ ಮುಗಿಸುತ್ತೇನೆ. ಒಟ್ಟು ಹದಿನಾಲ್ಕು ಪುಸ್ತಕ, ಅಂಗಡಿಯ ಅಟ್ಟದ ಮೇಲಿದ್ದವು. ಗುಜರಿಯವನು ಕೆ.ಜಿ. ಲೆಕ್ಕದಲ್ಲಿ ಕೇಳಿದ. ಕೊಡಲು ಹೋಗಿ ಒಂದು ಪುಟ ತೆರೆದೆ. ಹೆಸರು, ಮನೆ ನಂಬರ್, ಫೋನ್ ನಂಬರ್, ಸಹಿ. ಅದರಲ್ಲಿ ಅರ್ಧ ಜನರ ಫೋನ್ ನಂಬರ್ ಈಗಲೂ ಅದೇ. ಕಡಲೆಕಾಯಿ ಪೊಟ್ಟಣವಾಗಿ ಅದು ಊರೆಲ್ಲ ತಿರುಗುವುದು ಬೇಡ ಅನ್ನಿಸಿತು. ಮನೆಗೆ ತಂದು ಹಂಡೆ ಒಲೆಗೆ ಹಾಕಿದೆ, ಮೂರು ದಿನ ಸ್ನಾನಕ್ಕೆ ನೀರು ಕಾದವು. ಯಾರಾದರೂ ಕೇಳಿಕೊಂಡು ಬಂದರೆ ಏನು ಮಾಡ್ತೀರಿ ಅಂತ ನನ್ನಾಕೆ ಕೇಳಿದಳು. ಹನ್ನೆರಡು ವರ್ಷದಲ್ಲಿ ಒಂದೇ ಸಲ ಬಂದಿದ್ದಾರೆ, ಆವತ್ತೂ ತಪ್ಪು ಹುಡುಗನನ್ನ ಕರ್ಕೊಂಡು ಹೋದ್ರು ಅಂದೆ.

ನನ್ನ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರ್ ಬೇರೆ ಹಾಳೆಯಲ್ಲಿ ನಿಮಗೆ ಕಳಿಸಿದ್ದೇನೆ, ಬೇಕಿದ್ದರೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಪತ್ರಿಕೆಯಲ್ಲಿ ಮಾತ್ರ ಹಾಕಬೇಡಿ. ಆ 350 ರೂಪಾಯಿಯ ವ್ಯವಹಾರ ಇನ್ನೂ ಮುಗಿದಿಲ್ಲ.

ಇತಿ,
ಒಬ್ಬ ಜೆರಾಕ್ಸ್ ಅಂಗಡಿಯವ
ತುಮಕೂರು ಜಿಲ್ಲೆ